ಮುನಿವೆಂಕಟಮ್ಮ ಬೈಯೋದು ನಿಲ್ಲಿಸಿದ ದಿನ

ತಲೆಗೆ ಪೆಟ್ಟು ಬಿದ್ದವನಿಗಿಂತ ಮೊದಲು ಅವನ ಜೊತೆ ಬಂದವರಿಗೆ ಚಿಕಿತ್ಸೆ ಕೊಡಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಪೆಟ್ಟು ಬಿದ್ದವನು ಪಾಪ ಸುಮ್ಮನೆ ಮಲಗಿರ್ತಾನೆ. ಜೊತೆಗೆ ಬಂದವರಲ್ಲಿ ಒಬ್ಬ ದಾರಿಯಲ್ಲೇ ಸೋಡಾ ಕುಡಿಸಿರ್ತಾನೆ, ಇನ್ನೊಬ್ಬ ಗಾಯಕ್ಕೆ ಕಾಫಿಪುಡಿ ಮೆತ್ತಿರ್ತಾನೆ, ಮತ್ತೊಬ್ಬಳು ಅವನ ಕೈಗೆ ಬೀಗದ ಕೈ ಗೊಂಚಲು ಹಿಡಿಸಿ "ಬಿಡಬ್ಯಾಡ ಕಣಪ್ಪಾ" ಅಂತ ಅಳ್ತಿರ್ತಾಳೆ. ಇಷ್ಟು ಸಾಲದು ಅಂತ ಊರಿನ ಹಿರಿಯನೊಬ್ಬ ಬಾಗಿಲಲ್ಲಿ ನಿಂತು "ಒಂದು ಗ್ಲೂಕೋಸು ಏರಿಸ್ಬುಡಿ ಸಿಸ್ಟ್ರೇ, ಸರಿ ಓಗ್ತಾನೆ" ಅಂತ ತೀರ್ಪು ಕೊಟ್ಟಾಗಿರುತ್ತೆ. ಊದಿಕೊಳ್ತಿರೋ ಮೆದುಳಿಗೆ ಬರೀ ಸಕ್ಕರೆ ನೀರು ಏರಿಸಿದರೆ ಊತ ಇನ್ನೂ ಜಾಸ್ತಿ ಆಗುತ್ತೆ ಕಣಪ್ಪಾ ಅಂದರೆ, "ಈಯಮ್ಮಂಗೆ ಏನೂ ಗೊತ್ತಿಲ್ಲ" ಅಂತ ಮುಖ ತಿರುಗಿಸ್ತಾನೆ.

ನನ್ನ ಹೆಸರು ಸರೋಜ. ಕಾಮಸಮುದ್ರದ ಕಡೆಯ ಹಳ್ಳಿಯವಳು. ಮೊದಲು ಕೆ.ಜಿ.ಎಫ್.ನಲ್ಲಿ, ಆಮೇಲೆ ಬಂಗಾರಪೇಟೆಯಲ್ಲಿ ನರ್ಸ್ ಆಗಿ ದುಡಿದು ಈಗ ಮನೆಯಲ್ಲಿ ಕೂತಿದೀನಿ. ಹೊಸದಾಗಿ ಕೆಲಸಕ್ಕೆ ಸೇರಿರೋ ಹುಡುಗಿಯರು ಆಗಾಗ ಬಂದು "ಮೇಡಂ, ತಲೆಪೆಟ್ಟಿನ ಕೇಸು ಅಂದ್ರೆ ಕೈಕಾಲು ನಡುಗುತ್ತೆ" ಅಂತಾರೆ. ಅವರಿಗೋಸ್ಕರ ಇದನ್ನ ಬರೀತಿದೀನಿ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನೋದು ನಿಮಗೂ ಬೇಡ, ನನಗೂ ಬೇಡ. ಆ ಶಾಲನ್ನ ಈಗ ಗ್ರೈಂಡರ್ ಮೇಲೆ ಧೂಳು ಬೀಳದ ಹಾಗೆ ಮುಚ್ಚಿದೀನಿ.

ನಾನು ಕೆಲಸಕ್ಕೆ ಸೇರಿದಾಗ ಚಿನ್ನದ ಗಣಿ ಇನ್ನೂ ನಡೀತಿತ್ತು. ನಮ್ಮ ವಾರ್ಡಿಗೆ ದೊಡ್ಡವರು ಸ್ಟೆಲ್ಲಾ ಸಿಸ್ಟರ್. ಕೆ.ಜಿ.ಎಫ್.ನದೇ ಕೋರಮಂಡಲ್‌ನ ಗಣಿ ಕಾರ್ಮಿಕನ ಮಗಳು. ಬೈಯೋದು ತಮಿಳಲ್ಲಿ, ಪಾಠ ಹೇಳೋದು ಕನ್ನಡದಲ್ಲಿ, ಏಸುವನ್ನ ಕರೆಯೋದು ಎರಡರಲ್ಲೂ. ನನ್ನ ತಲೆಗೆ ಮೊದಲನೇ ಪಾಠ ಹೊಕ್ಕಿದ್ದು ಅವರಿಂದಲೇ. "ಸರೋಜಾ, ಗಣಿ ಗೇಟಲ್ಲಿ ಕಾವಲು ನಿಂತಿರ್ತಾನಲ್ಲ, ಒಬ್ಬೊಬ್ಬರನ್ನೂ ತಡವಿ ನೋಡಿ ಬಿಡ್ತಾನಲ್ಲ, ಹಂಗೇ ಮೆದುಳಿಗೂ ಒಂದು ಗೇಟು ಐತೆ" ಅಂದರು. ಮೈಯ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆ ಸ್ವಲ್ಪ ಸಡಿಲ, ನೀರು ಆಚೆ ಈಚೆ ಇಳೀತಿರುತ್ತೆ. ಮೆದುಳಿನಲ್ಲಿ ಹಾಗಲ್ಲ. ಅಲ್ಲಿ ಆ ಗೋಡೆಯ ಜೀವಕೋಶಗಳು ಸಂದಿಲ್ಲದ ಹಾಗೆ ಬಿಗಿಯಾಗಿ ಕೂತಿರ್ತವೆ. ಮೆದುಳಿಗೆ ಬೇಕಾದ ಸಕ್ಕರೆ, ಗಾಳಿ ಬಿಟ್ಟು ಕಂಡಕಂಡದ್ದನ್ನೆಲ್ಲ ಒಳಗೆ ಬಿಡಲ್ಲ. ತಲೆಗೆ ಜೋರಾಗಿ ಪೆಟ್ಟು ಬಿದ್ದರೆ ಆ ಕಾವಲುಗಾರನೇ ಕುಸಿದು ಬೀಳ್ತಾನೆ. ಗೇಟು ಹಾರು ಹೊಡೆದುಕೊಂಡು ನಿಲ್ಲುತ್ತೆ. ರಕ್ತದೊಳಗಿನ ನೀರು ಮೆದುಳಿಗೆ ನುಗ್ಗುತ್ತೆ, ಪೆಟ್ಟು ತಿಂದ ಜೀವಕೋಶಗಳೂ ತಾವೇ ನೀರು ಹೀರಿಕೊಂಡು ಊದ್ತವೆ.

"ಊದಿದರೆ ಊದಲಿ ಬಿಡಿ ಸಿಸ್ಟರ್, ಕಾಲೂ ಊದುತ್ತಲ್ಲ" ಅಂದೆ ನಾನು, ಆಗ ನನಗೆ ಬಾಯಿ ಜಾಸ್ತಿ. ಅವರು ನನ್ನ ನೆತ್ತಿ ಮೇಲೆ ಗೆಣ್ಣಿನಿಂದ ಒಂದು ಕುಟ್ಟಿದರು. "ಕಾಲು ಊದಿದ್ರೆ ಚಪ್ಪಲಿ ಬಿಚ್ಚಿಡಬಹುದು. ಮೆದುಳು ಊದಿದ್ರೆ ಬುರುಡೆ ಬಿಚ್ಚಿಡ್ತೀಯಾಡೀ?" ಆ ಕುಟ್ಟು ಇವತ್ತಿಗೂ ನೆನಪಿದೆ. ಬುರುಡೆ ಒಳಗೆ ಜಾಗ ಇಲ್ಲ, ಅದೇ ಇಡೀ ರಾಮಾಯಣ. ಊದಿದ ಮೆದುಳು ತನ್ನ ರಕ್ತನಾಳವನ್ನ ತಾನೇ ಅದುಮಿಕೊಳ್ಳುತ್ತೆ, ಆಮೇಲೆ ಉಸಿರು ನಡೆಸೋ ಜಾಗವನ್ನೂ ಅದುಮುತ್ತೆ. ಮತ್ತೆ ಈ ಊತ ನೆಂಟರ ಥರ, ಎಲ್ಲ ಒಂದೇ ದಿನ ಬರಲ್ಲ. ಮೊದಲನೇ ದಿನ ಚೆನ್ನಾಗಿ ಮಾತಾಡಿದವನು ಎರಡನೇ ದಿನವೋ ಮೂರನೇ ದಿನವೋ ಕೈಕೊಡಬಹುದು. ಇದನ್ನ ನೆಂಟರಿಗೆ ತಿಳಿಸಿ ಹೇಳೋದಿದೆಯಲ್ಲ, ಅದು ಬಂಡೆಗೆ ನೀರು ಹುಯ್ದ ಹಾಗೆ. "ಎದ್ದು ಕೂತವ್ನೆ, ಮಾತಾಡ್ತಾವ್ನೆ, ಕರ್ಕೊಂಡೋಗ್ತೀವಿ" ಅಂತ ಆಟೋ ತಂದು ನಿಲ್ಲಿಸಿಬಿಡ್ತಾರೆ.

ಕೆಲಸದ ರೀತಿ ಎಷ್ಟು ಬದಲಾಯ್ತು ನೋಡಿ. ಆಗ ಮಂಚದ ತಲೆಭಾಗ ಎತ್ತೋಕೆ ಹಿಡಿಕೆ ಇರಲಿಲ್ಲ, ತಲೆಕಡೆಯ ಮಂಚದ ಕಾಲಿನ ಕೆಳಗೆ ಇಟ್ಟಿಗೆ ಇಡ್ತಿದ್ವಿ. ತಲೆ ಎತ್ತರದಲ್ಲಿದ್ದರೆ ಒಳಗಿನ ಒತ್ತಡ ಸ್ವಲ್ಪ ಇಳಿಯುತ್ತೆ. ನಾನು ಆ ಕಡೆ ತಿರುಗೋದೇ ತಡ, ರೋಗಿಯ ಅಜ್ಜಿ "ನನ್ ಮೊಮ್ಮಗ ಜಾರ್ತಾವ್ನೆ" ಅಂತ ಇಟ್ಟಿಗೆ ತೆಗೆದು ಅದರ ಮೇಲೆ ತಾನೇ ಕೂತಿರ್ತಿದ್ದಳು. ಆಗ ತಲೆಪೆಟ್ಟು ಅಂದ ಕೂಡಲೇ ಊತ ಇಳಿಸೋ ಸೂಜಿ ಅಂತ ಸ್ಟಿರಾಯ್ಡ್ ಚುಚ್ಚುತ್ತಿದ್ವಿ, ಬಹಳ ಭಕ್ತಿಯಿಂದ. ಆಮೇಲೆ ದೊಡ್ಡ ಡಾಕ್ಟರುಗಳು ಈ ಪೆಟ್ಟಿನ ಊತಕ್ಕೆ ಅದರಿಂದ ಲಾಭ ಇಲ್ಲ, ಕೇಡೇ ಜಾಸ್ತಿ ಅಂತ ಕಂಡುಕೊಂಡು ನಿಲ್ಲಿಸಿದರು. ಇನ್ನು ಮೆದುಳಿನ ನೀರನ್ನ ರಕ್ತಕ್ಕೆ ಎಳ್ಕೊಳ್ಳೋ ಮ್ಯಾನಿಟಾಲ್ ಬಾಟ್ಲು. ನಮ್ಮೂರ ಧನುರ್ಮಾಸದ ಚಳಿಗೆ ಅದರೊಳಗೆ ಕಲ್ಲುಸಕ್ಕರೆ ಥರ ಹರಳುಗಟ್ಟಿಬಿಡ್ತಿತ್ತು. ಹಾಗೇ ಏರಿಸೋ ಹಾಗಿಲ್ಲ. ಬಿಸಿನೀರಲ್ಲಿಟ್ಟು ಹರಳು ಕರಗಿಸಿ, ಮತ್ತೆ ಆರಿಸಿ ಹಾಕಬೇಕು. ಒಬ್ಬ ಮುದುಕಪ್ಪ ನಾನು ಬಾಟ್ಲಿಗೆ ಸ್ನಾನ ಮಾಡಿಸೋದನ್ನ ನೋಡಿ "ಔಷ್ದಿಗೂ ಎಣ್ಣೆ ನೀರು ಉಯ್ತೀರೇನಮ್ಮಾ? ನನ್ ಸೊಸೆ ನನಗೇ ಉಯ್ಯಾಕಿಲ್ಲ" ಅಂದ.

ಬಂಗಾರಪೇಟೆಗೆ ಬಂದ ಮೇಲೆ ಪಾನಿಪುರಿ ಕೇಸು. ರೈಲು ಪೂರ್ತಿ ನಿಲ್ಲೋ ಮೊದಲೇ ಇಳಿಯೋಕೆ ಹೋಗಿ ಪ್ಲಾಟ್‌ಫಾರಂ ಮೇಲೆ ಬಿದ್ದ ಹುಡುಗ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಒಂದು ದಿನ ಇರಲಿ ಅಂತ ಮಲಗಿಸಿದ್ವಿ. ತಲೆಪೆಟ್ಟಿನವರು ವಾಂತಿ ಮಾಡಿಕೊಂಡರೆ ನಮಗೆ ಎದೆ ಧಸಕ್ ಅನ್ನುತ್ತೆ, ಒಳಗೆ ಒತ್ತಡ ಏರಿರಬಹುದು ಅಂತ. ಸಾಯಂಕಾಲ ಈ ಹುಡುಗ ಭರ್ಜರಿಯಾಗಿ ವಾಂತಿ ಮಾಡಿದ. ಡಾಕ್ಟರು ಓಡಿ ಬಂದರು, ಸ್ಟ್ರೆಚರ್ ಬಂತು, ಮತ್ತೆ ಸ್ಕ್ಯಾನ್ ಅಂದರು, ಅವನ ತಾಯಿ ಎದೆ ಬಡಿದುಕೊಂಡಳು. ನಾನು ಒರೆಸೋಕೆ ಬಗ್ಗಿದರೆ ಪುದೀನ, ಹಸಿಮೆಣಸಿನಕಾಯಿ ವಾಸನೆ! ಅವನ ಗೆಳೆಯ ಕಿಟಕಿಯಿಂದ ಪ್ಲೇಟು ಪ್ಲೇಟಾಗಿ ಪಾನಿಪುರಿ ಒಳಗೆ ಕಳಿಸಿದ್ದ. "ಬಾಯಿ ಸಪ್ಪಗೈತೆ ಅಂದ ಸಿಸ್ಟರ್" ಅಂತ ತಲೆ ಕೆರ್ಕೊಂಡ. ಆದರೂ ಡಾಕ್ಟರು ಸ್ಕ್ಯಾನ್ ಮಾಡಿಸಿಯೇ ಬಿಟ್ಟರು. ಮಾಡಿಸಿದ್ದೇ ಸರಿ. ತಲೆ ವಿಷಯದಲ್ಲಿ ಪುದೀನ ವಾಸನೆ ನಂಬಿ ಕೂರೋ ಹಾಗಿಲ್ಲ.

ಆ ಡಾಕ್ಟರ ಹೆಸರು ಬಸವರಾಜ. ವಿಜಯಪುರದ ಕಡೆಯವರು, ಹೊಸದಾಗಿ ಬಂದಿದ್ದರು, ಒಳ್ಳೆ ಹುಡುಗ. ಬಂದ ವಾರವೇ ಮಾರಿಕುಪ್ಪಂನ ಒಬ್ಬ ಪೇಂಟರ್ ಏಣಿಯಿಂದ ಬಿದ್ದು ಬಂದ. ಬುದ್ಧಿ ಸ್ಥಿಮಿತದಲ್ಲಿದೆಯಾ ಅಂತ ನೋಡೋಕೆ ನಾವು ಮೂರು ಪ್ರಶ್ನೆ ಕೇಳ್ತೀವಿ. ಇವತ್ತು ಯಾವ ವಾರ ಅಂದರು ಡಾಕ್ಟರು. "ಇನ್ನಿಕ್ಕಿ ಸೆವ್ವಾಯ್" ಅಂದ ಅವನು, ಇವತ್ತು ಮಂಗಳವಾರ ಅಂತ ತಮಿಳಲ್ಲಿ. ಇವರು ಯಾರು ಅಂತ ನನ್ನ ತೋರಿಸಿದರು. "ನರ್ಸಮ್ಮ ಕದಾ" ಅಂದ, ತೆಲುಗಲ್ಲಿ. ಎಲ್ಲಿದೀಯ ಅಂದರೆ "ಆಸ್ಪತ್ರೇಲಿ ಕಣ್ ಸಾಮಿ, ಇನ್ನೆಲ್ಲಿ" ಅಂದ. ಡಾಕ್ಟರ ಮುಖ ಕಪ್ಪಿಟ್ಟಿತು. "ಸಿಸ್ಟರ್, ಇಂವನ ಮಾತು ಹಳಿ ತಪ್ಪೇದ ನೋಡ್ರಿ, ಲಗೂನ ಸ್ಕ್ಯಾನಿಗೆ ಕಳಸ್ರಿ" ಅಂದರು. ನಾನು ನಗು ತಡ್ಕೊಂಡು "ಸಾರ್, ಇವನ ತಲೆ ನೆಟ್ಟಗಿದೆ. ನಮ್ಮೂರು ಪೂರ್ತಿ ಹೀಗೇ" ಅಂದೆ. ಅವತ್ತಿಂದ ಅವರು ಒಂದು ಮಾತು ಹಿಡಿದರು. ಮನುಷ್ಯ ದಿನಾ ಹೆಂಗಿರ್ತಾನೆ ಅಂತ ಮನೆಯವರನ್ನ ಮೊದಲು ಕೇಳಬೇಕು, ಆಮೇಲೆ ಅವನು ಬದಲಾಗಿದ್ದಾನೋ ಇಲ್ಲವೋ ಹೇಳಬೇಕು. ಈ ಮಾತೇ ಮುಂದೆ ಒಂದು ಜೀವ ಉಳಿಸ್ತು. ಅದನ್ನ ಹೇಳೋಕೇ ನಾನು ಇಷ್ಟೊತ್ತು ಸುತ್ತಿ ಬಳಸಿ ಬಂದಿದ್ದು.

ಮುನಿವೆಂಕಟಮ್ಮ ಕಾಮಸಮುದ್ರದಾಚೆ ಆಂಧ್ರದ ಗಡಿ ಹಳ್ಳಿಯವಳು. ಹಸು ಕಟ್ಟಿ ಡೈರಿಗೆ ಹಾಲು ಹಾಕೋ ಮನೆ. ಪಡ್ಡೆ ಕರು ಹಗ್ಗ ಜಗ್ಗಿದ ರಭಸಕ್ಕೆ ಬಿದ್ದು ಅವಳ ಹಣೆ ದನ ನೀರು ಕುಡಿಯೋ ಕಲ್ಲುಬಾನಿಗೆ ಬಡಿದಿತ್ತು. ಬೆಳಿಗ್ಗೆ ಹಾಲಿನ ಗಾಡಿಯಲ್ಲೇ ಮಲಗಿಸಿಕೊಂಡು ಬಂದರು. ಜೊತೆಗೆ ಸೊಸೆ ನಾಗವೇಣಿ, ಮುದುಕಿಯ ತಮ್ಮ ಚೌಡಪ್ಪ. ಮಗ ಮಂಜುನಾಥ ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋನು, ಆಗಲೇ ರೈಲು ಹತ್ತಿಯಾಗಿತ್ತು. ಸ್ಕ್ಯಾನ್‌ನಲ್ಲಿ ಮೆದುಳಿನ ಮುಂಭಾಗದಲ್ಲಿ ಒಂದು ಸಣ್ಣ ಜಜ್ಜಿದ ಗಾಯ ಕಂಡಿತು. ಆಪರೇಷನ್ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳೋಣ ಅಂದರು ಡಾಕ್ಟರು.

ಅಯ್ಯಪ್ಪಾ, ಅವಳ ಬಾಯಿ! ನಾನು ಸೂಜಿ ಹಿಡಿದು ಹೋದರೆ "ಬಂದ್ಲು ನೋಡು ಮೂದೇವಿ, ಚುಚ್ಚಕ್ಕೆ. ನಿನ್ ಕೈಗೆ ಕರಿನಾಗ್ರ ಕಡಿಯಾ" ಅಂತಾಳೆ. ಪಕ್ಕದ ಮಂಚದವಳು ಕೆಮ್ಮಿದರೆ "ಏನಮ್ಮಿ, ಗಂಟ್ಲಲ್ಲಿ ಕೋಳಿ ಸಾಕೀಯ?" ಅಂತಾಳೆ. ಬಸವರಾಜ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟಾಗ ಇಡೀ ವಾರ್ಡು ಕೇಳೋ ಹಾಗೆ "ಏನ್ಲಾ, ಮೀಸೆ ನೆಟ್ಟಗೆ ಮೂಡಿಲ್ಲ, ನನ್ ಕಣ್ಣೊಳಗೆ ಏನ್ಲಾ ಉಡುಕ್ತೀಯ? ನಿಮ್ಮಪ್ಪ ಗಂಟು ಮಡಗೋಗವ್ನಾ?" ಅಂದಳು. ಡಾಕ್ಟರು ಕಿವಿವರೆಗೂ ಕೆಂಪಗಾಗಿ ನಕ್ಕುಬಿಟ್ಟರು. ನಾಗವೇಣಿ ಮಾತ್ರ ತಲೆ ಬಗ್ಗಿಸಿ ನಿಂತಿರ್ತಿದ್ದಳು. ಅತ್ತೆ ಪ್ರಕಾರ ಅವಳು ತಂದ ಗಂಜಿ ಬರೀ ನೀರು, ಅವಳು ಹೊದಿಸಿದ ಕಂಬಳಿ ಚುಚ್ಚುತ್ತೆ, ಅವಳು ನಿಂತರೆ ಗಾಳಿ ಬರಲ್ಲ, ಕೂತರೆ ಸೋಮಾರಿ. "ದಿನಾ ಹಿಂಗೇನಾರೀ ಅಮ್ಮಾರು?" ಅಂತ ಡಾಕ್ಟರು ಕೇಳಿದರು. "ಊಂ ಸಾರ್. ಇವತ್ತು ವಸಿ ಕಮ್ಮಿ" ಅಂದಳು. "ಹಂಗಾರ ಇದರಾಗ ಏನರ ಫರಕ್ ಆದ್ರ ಕೂಡ್ಲೇ ಹೇಳ್ರಿ" ಅಂದು ಹೋದರು.

ಎರಡನೇ ದಿನ ಮಧ್ಯಾಹ್ನ ವಾರ್ಡು ತಣ್ಣಗಿತ್ತು. ಪಕ್ಕದ ಮಂಚದವಳು ಧೈರ್ಯವಾಗಿ ಕೆಮ್ಮಿದಳು. ಚೌಡಪ್ಪ "ಔಷ್ದಿ ನಾಟ್ತು ಸಿಸ್ಟ್ರೇ, ನಮ್ಮಕ್ಕ ಬುದ್ದಿವಂತೆ ಆಗೋದ್ಲು" ಅಂತ ಹಲ್ಲು ಕಿರಿದ. ಅಷ್ಟರಲ್ಲಿ ನಾಗವೇಣಿ ಗಂಜಿ ಲೋಟ ಹಿಡ್ಕೊಂಡೇ ನನ್ನ ಮೇಜಿನ ಹತ್ತಿರ ಓಡಿ ಬಂದಳು.

"ಅಕ್ಕಾ, ವಸಿ ಬನ್ನಿ. ನಮ್ಮತ್ತೆ ಗಂಜಿ ಚೆನ್ನಾಗೈತೆ ಅಂದ್ರು."

"ಬಂತಲ್ಲೇ ನಿನಗೆ ಯೋಗ! ಹೋಗು, ಇನ್ನೊಂದು ಲೋಟ ಕೊಡು" ಅಂತ ನಕ್ಕೆ.

ಅವಳು ನಗಲಿಲ್ಲ. ಲೋಟ ಮೇಜಿನ ಮೇಲಿಟ್ಟಳು. "ಮದ್ವೆಯಾಗಿ ಬಂದಾಗ್ಲಿಂದ ನಾನ್ ಮಾಡಿದ್ದು ಒಂದಾರಾ ಚೆನ್ನಾಗೈತೆ ಅಂದಿಲ್ಲ ಅಕ್ಕಾ. ಇವತ್ತು ಉಪ್ಪೇ ಆಕಿಲ್ಲ ನಾನು. 'ಪಾಪ, ದಣಿದಿದೀರಾ, ಕೂತ್ಕಳಿ ತಾಯಿ' ಅಂದ್ರು. ಅದು ನಮ್ಮತ್ತೆ ಅಲ್ಲ. ಅವರಿಗೆ ಏನೋ ಆಗೋಗೈತೆ."

ನನ್ನ ನಗು ಅಲ್ಲೇ ಸತ್ತುಹೋಯ್ತು. ಹೋಗಿ ನೋಡಿದರೆ ಮುನಿವೆಂಕಟಮ್ಮ ಅರೆಗಣ್ಣು ಬಿಟ್ಟು ಮಲಗಿದ್ದಳು. ಕರೆದರೆ "ಬಂದ್ರಾ ತಾಯಿ" ಅಂದಳು, ಮತ್ತೆ ಜೋಂಪು. ಟಾರ್ಚು ಬಿಟ್ಟೆ. ಒಂದು ಕಣ್ಣಿನ ಪಾಪೆ ಕುಗ್ಗಿತು, ಇನ್ನೊಂದು ಸೋಮಾರಿತನ ಮಾಡ್ತು. ಬಿ.ಪಿ. ಏರಿತ್ತು, ನಾಡಿ ನಿಧಾನ ಆಗಿತ್ತು. ಬಸವರಾಜ ಡಾಕ್ಟರಿಗೆ ಫೋನು ಮಾಡಿ "ಸಾರ್, ಮುನಿವೆಂಕಟಮ್ಮ ಸೊಸೆಯನ್ನ ಹೊಗಳ್ತಿದಾಳೆ" ಅಂದೆ. ಮಿಕ್ಕಿದ್ದು ಹೇಳೋ ಮೊದಲೇ ಅವರು ಮೆಟ್ಟಿಲು ಇಳೀತಿದ್ದರು. ಎರಡನೇ ಸ್ಕ್ಯಾನ್‌ನಲ್ಲಿ ಗಾಯದ ಸುತ್ತ ಊತ ಕಟ್ಟಿಕೊಂಡು, ಮೆದುಳಿನ ಎರಡು ಭಾಗಗಳ ನಡುವೆ ಇರಬೇಕಾದ ಗೆರೆ ಪಕ್ಕಕ್ಕೆ ಸರಿದಿತ್ತು. ಮ್ಯಾನಿಟಾಲ್ ಹಾಕಿದ್ವಿ, ತಲೆ ಎತ್ತರಿಸಿದ್ವಿ, ಆಮ್ಲಜನಕ ಕೊಟ್ವಿ. ಇನ್ನು ಬೆಂಗಳೂರಿಗೆ ಕಳಿಸಬೇಕು, ಬುರುಡೆ ತೆರೆಯಬೇಕಾದೀತು ಅಂದರು ಡಾಕ್ಟರು.

ಆಗ ಚೌಡಪ್ಪ ಬಾಗಿಲಿಗೆ ಅಡ್ಡ ನಿಂತ. "ಸುಮ್ಕೆ ನಿದ್ದೆ ಮಾಡ್ತಾವ್ಳೆ ನಮ್ಮಕ್ಕ. ನಿನ್ನೆ ಕೂಗಾಡೋವಾಗ ಏನೂ ಇಲ್ಲ ಅಂದ್ರಿ, ಇವತ್ತು ನೆಮ್ಮದಿಯಾಗಿ ಮಲಗವ್ಳೆ, ತಲೆ ಕುಯ್ತೀನಿ ಅಂತೀರಾ? ಇದ್ಯಾವ ನ್ಯಾಯ? ನಾಳೆ ಮನೆಗೆ ಕರ್ಕೊಂಡೋಗ್ತೀವಿ." ಅವನಿಗೆ ಅಕ್ಕನ ಮೇಲೆ ಪ್ರಾಣ, ಸುಳ್ಳಲ್ಲ. ಆದರೆ ಒಂದೊಂದು ನಿಮಿಷಕ್ಕೂ ಒಳಗೆ ಜಾಗ ಕಮ್ಮಿ ಆಗ್ತಿದೆ, ಇವನು ನ್ಯಾಯ ಕೇಳ್ತಿದಾನೆ! ನಾನು ಸ್ಟ್ರೆಚರ್ ತಂದು ಮಂಚಕ್ಕೆ ಆನಿಸಿದೆ. ಡಾಕ್ಟರು ಎರಡೆರಡು ಸಲ ತಿಳಿಸಿ ಹೇಳಿದರು. ಅವನು ಜಗ್ಗಲಿಲ್ಲ.

ನಾಗವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡು ದಿನ ಅತ್ತೆಗೆ ಎದುರು ಪಿಟಿಕ್ ಅನ್ನದ ಹೆಂಗಸು. "ಮಾವಾ, ಪಕ್ಕಕ್ಕೆ ಸರೀರಿ" ಅಂದಳು. ಅವನು ಸರೀಲಿಲ್ಲ. "ಸರೀತೀರೋ ಇಲ್ಲ ಸ್ಟ್ರೆಚರ್ ನಿಮ್ ಕಾಲ್ ಮೇಲೆ ಅರಿಸ್ಲೋ? ನಿಮ್ ನ್ಯಾಯಕ್ಕಿಷ್ಟು ಬೆಂಕಿ ಆಕ! ನಮ್ಮತ್ತೆ ಓಗ್ಬುಟ್ರೆ ನಾಳೆಯಿಂದ ನನ್ನ ಬೈಯ್ಯಕ್ಕೆ ನೀವ್ ಬತ್ತೀರಾ?" ಚೌಡಪ್ಪನ ಬಾಯಿ ತೆರೆದದ್ದು ಹಾಗೇ ಉಳೀತು, ಕಾಲು ಮಾತ್ರ ತಾವಾಗೇ ಪಕ್ಕಕ್ಕೆ ಸರಿದವು. ನಾಗವೇಣಿ ಫೋನು ಮಾಡಿದಾಗ, ಅವತ್ತೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ ಮಂಜುನಾಥ "ಕರ್ಕೊಂಡ್ ಬಾ, ನಾನು ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ" ಅಂದ. ಆಂಬುಲೆನ್ಸ್ ಹೊರಟ ಮೇಲೆ ನಾನು ಔಷಧಿ ಕೋಣೆಗೆ ಹೋಗಿ ಅತ್ತುಬಿಟ್ಟೆ. ಹೆದರಿಕೆಯಾಗಿತ್ತು ಕಣ್ರೇ, ಸುಮ್ಮನೆ ಹೆದರಿಕೆ.

ಬೆಂಗಳೂರಲ್ಲಿ ಬುರುಡೆಯ ಒಂದು ತುಂಡು ತೆಗೆದು ಮೆದುಳಿಗೆ ಊದಿಕೊಳ್ಳೋಕೆ ಜಾಗ ಮಾಡಿಕೊಟ್ಟರು. ನೋಡಿ, ನಮ್ಮ ಸ್ಟೆಲ್ಲಾ ಸಿಸ್ಟರ್ ಆಗೋದೇ ಇಲ್ಲ ಅಂದಿದ್ದನ್ನ ಇವರು ಮಾಡೇಬಿಟ್ಟರು, ಬುರುಡೆ ಬಿಚ್ಚಿಟ್ಟರು. ಆ ಮೂಳೆ ಕೆಡದೆ ಇರಲಿ ಅಂತ ಅವಳ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದರು, ಊತ ಇಳಿದ ಮೇಲೆ ವಾಪಸ್ಸು ಕೂರಿಸೋಕೆ. ಚೌಡಪ್ಪ ಊರಿಗೆಲ್ಲ "ನಮ್ಮಕ್ಕನ ತಲೆ ಒಟ್ಟೆಗೆ ಇಳಿದೈತೆ" ಅಂತ ಡಂಗುರ ಹೊಡೆದ. ನೋಡೋಕೆ ಸುತ್ತಲ ಹಳ್ಳಿಯವರು ಬಾಳೆಹಣ್ಣು ಹಿಡ್ಕೊಂಡು ಬಂದರಂತೆ. ಕೆಲವು ತಿಂಗಳಿಗೆ ಮೂಳೆ ಮತ್ತೆ ತಲೆಗೆ ಏರಿತು. ಮುನಿವೆಂಕಟಮ್ಮ ಬದುಕಿದಳು.

ನಾನು ನಿವೃತ್ತಿಯಾದ ಮೇಲೆ ಅವರೆಕಾಯಿ ಕಾಲದಲ್ಲಿ ಒಂದು ದಿನ ಅವರ ಮನೆಗೆ ಹೋದೆ. ಮುನಿವೆಂಕಟಮ್ಮ ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕ್ತಿದ್ದಳು. ನಡೀತಾಳೆ, ಹಸುಗಳನ್ನೆಲ್ಲ ಹೆಸರು ಹಿಡಿದು ಕರೀತಾಳೆ, ನನ್ನ ಗುರುತೂ ಹಿಡಿದಳು. "ಬನ್ನಿ ತಾಯಿ, ಬಿಸ್ಲಲ್ಲಿ ಬಂದ್ರಿ" ಅಂದಳು. ಆ ಮೃದುವಾದ ದನಿ ಕೇಳಿ ನನಗೆ ಮತ್ತೆ ಅವಳ ಕಣ್ಣಿನ ಪಾಪೆ ನೋಡಬೇಕು ಅನ್ನಿಸ್ತು. ನಾಗವೇಣಿ ನನ್ನ ಅಡುಗೆಮನೆಗೆ ಕರ್ಕೊಂಡು ಹೋದಳು. "ಮುಂದಲ ಮೆದುಳಿಗೆ ಪೆಟ್ಟು ಬಿದ್ರೆ ಗುಣ ಬದ್ಲಾಗಬೋದು, ಅಳೇ ಗುಣ ಬಂದ್ರೆ ಬತ್ತದೆ ಇಲ್ಲಾಂದ್ರೆ ಇಲ್ಲ ಅಂದ್ರು ಡಾಕ್ಟ್ರು. ಬರ್ಲಿಲ್ಲ ಅಕ್ಕಾ. ಊರೋರೆಲ್ಲ ಪುಣ್ಯವಂತೆ ನೀನು ಅಂತಾರೆ. ನಂಗೆ ಮನೆ ಬಿಕೋ ಅಂತದೆ. ಬೇಕೂಂತ ಸಾರಿಗೆ ಎರಡು ಇಡಿ ಉಪ್ಪು ಸುರಿದೆ. ಚೆನ್ನಾಗೈತೆ ಅಂತ ಉಂಡು ನೀರು ಕುಡಿದ್ರು. ನಾನೇ ಒಲೆ ಮುಂದೆ ಕೂತ್ಕಂಡು ಅತ್ಬುಟ್ಟೆ." ಜೀವ ಉಳಿಸಿದ್ವಿ ಅಂತ ಎದೆ ಉಬ್ಬಿಸಿ ಹೋಗಿದ್ದ ನಾನು ಅವಳ ಜೊತೆ ಒಲೆ ಮುಂದೆ ಕೂತೆ.

ಅಷ್ಟರಲ್ಲಿ ಅಂಗಳದಲ್ಲಿ ಒಣಗೋಕೆ ಹಾಕಿದ್ದ ರಾಗಿಗೆ ಪಕ್ಕದ ಮನೆ ಮೇಕೆಗಳು ನುಗ್ಗಿದವು. ನಾಗವೇಣಿ ಸೌದೆ ಕಡ್ಡಿ ಹಿಡಿದು ಹೊರಗೆ ಹಾರಿದಳು.

"ಯಾವಳೇ ಅದು ಮೇಕೆ ಬಿಟ್ಟೋಳು! ನಿನ್ ಕಣ್ಣು ಇಂಗೋಗಾ! ನಿನ್ ಮಕಕ್ಕೆ ಮಂಗ್ಳಾರ್ತಿ ಎತ್ತಾ! ಕೂಲಿ ಕೊಟ್ಟು ಬೆಳ್ದಿರೋ ರಾಗಿ ಕಣೇ ಇದು, ನಿನ್ ಮನೆ… ನಿನ್ ಮನೆ…"

ಅತ್ತೆಯ ಹಳೇ ಬೈಗುಳ ಅಲ್ಲಿಗೆ ನಿಂತುಹೋಯ್ತು. ನಿಜಕ್ಕೂ ಮರೆತಳೋ, ಬೇಕಂತಲೇ ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ಅತ್ತೆ ಕಡೆ ತಿರುಗಿ ನೋಡಿದಳು. ಮುನಿವೆಂಕಟಮ್ಮನ ಕೈ ಅವರೆಕಾಳಿನ ಮೇಲೆ ನಿಂತಿತ್ತು. ಹಣೆಯ ಆ ಹಳೇ ಗಾಯದ ಕೆಳಗೆ ಹುಬ್ಬು ಗಂಟಿಕ್ಕಿತ್ತು.

"ಎಕ್ಕುಟ್ಟೋಗಾ… ಅನ್ನಿ ತಾಯಿ" ಅಂದಳು, ಮೆತ್ತಗೆ.

"ನಿನ್ ಮನೆ ಎಕ್ಕುಟ್ಟೋಗಾ!" ಅಂತ ನಾಗವೇಣಿ ಕೂಗಿದ್ದು ಬೀದಿ ಕೊನೇವರೆಗೂ ಕೇಳಿಸಿರಬೇಕು. ಕೂಗಿದವಳ ಕೆನ್ನೆ ಮೇಲೆ ನೀರು ಇಳೀತಿತ್ತು. ಗೋಡೆಯಾಚೆಯಿಂದ ಮೇಕೆಯವಳ ತಲೆ ಎದ್ದಿತು.

"ಯಾರಮ್ಮಿ ಅದು ಬೈದಿದ್ದು?"

ನಾಗವೇಣಿ ಕಡ್ಡಿ ಕೆಳಗೆ ಹಾಕಿ ಜಗಲಿಗೆ ಹೋಗಿ ಅತ್ತೆ ಪಕ್ಕ ಒತ್ತಿಕೊಂಡು ಕೂತಳು.

"ನಮ್ಮತ್ತೆ ಕಣೇ" ಅಂದಳು.